ಫಲದಾಸೆ ಬಿಡಬೇಕಾದವರು ಯಾರು?

ಫಲಾಪೇಕ್ಷೆಯಿಲ್ಲದೆ ಕರ್ಮ ಮಾಡಬೇಕೆಂಬ ಗೀತೆಯ ಬೋಧೆ ನಮ್ಮಲ್ಲಿ ಮದುವೆ ಮನೆಯ ಮಾತಿನಿಂದ ಮ್ಯಾನೇಜರರ ಭಾಷಣದವರೆಗೆ ಎಲ್ಲೆಡೆ ಓಡಾಡುತ್ತದೆ. ದುಡಿಮೆಯಲ್ಲೇ ಕೈಲಾಸ ಕಂಡ ಶರಣರ ಹೆಸರನ್ನೂ ಅಷ್ಟೇ ಸಲೀಸಾಗಿ ಎತ್ತುತ್ತೇವೆ. ಎರಡೂ ದೊಡ್ಡ ಮಾತುಗಳೇ. ಆದರೆ ತಿಂಗಳ ಸಂಬಳವಿಲ್ಲದೆ, ಪ್ರತಿ ಆರ್ಡರಿಗೆ ಇಷ್ಟೆಂದು ದುಡ್ಡು ಪಡೆಯುವ, ನಾಳೆ ಫೋನಿನಲ್ಲಿ ಕೆಲಸ ಕಾಣುತ್ತದೋ ಇಲ್ಲವೋ ತಿಳಿಯದ ಡೆಲಿವರಿ ಹುಡುಗನಿಗೆ ಇವು ಹೇಳುವುದೇನು? ಅವನ ಅಭದ್ರತೆಯನ್ನು ವೈರಾಗ್ಯಕ್ಕೆ ಸಿಕ್ಕ ಅವಕಾಶವೆಂದು ತಿಳಿಯಬೇಕೋ, ಅವನಿಗಾದ ಅನ್ಯಾಯವೆಂದು ತಿಳಿಯಬೇಕೋ? ನನ್ನ ವಾದ ಇಷ್ಟು: ನಾಳೆಯ ಚಿಂತೆ ಬಿಡು ಎಂದು ಬೋಧಿಸಿದ ಪರಂಪರೆಗಳೆಲ್ಲ, ಆ ನಾಳೆಯನ್ನು ಹೊರುವ ಹೊಣೆಯನ್ನು ಬೇರೆ ಯಾರದೋ ಹೆಗಲಿಗೆ ಹಾಕಿಯೇ ಹಾಗೆ ಹೇಳಿದವು. ಇಂದಿನ ವ್ಯವಸ್ಥೆ ಬೋಧೆಯ ಮೊದಲ ಅರ್ಧವನ್ನು ಇಟ್ಟುಕೊಂಡು ಎರಡನೆಯದನ್ನು ಕೈಬಿಟ್ಟಿದೆ.

ಮೊದಲು ಈ ದುಡಿಮೆಯ ಸ್ವರೂಪ ನೋಡೋಣ. ನೀತಿ ಆಯೋಗ 2022ರಲ್ಲಿ ಹೊರತಂದ ವರದಿಯ ಅಂದಾಜಿನಂತೆ 2020-21ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕಾರ್ಮಿಕರಿದ್ದರು. 2029-30ರ ಹೊತ್ತಿಗೆ ಅವರ ಸಂಖ್ಯೆ 2.35 ಕೋಟಿ ಮುಟ್ಟಬಹುದು. ಬೈಕು ಅವರದೇ, ಪೆಟ್ರೋಲು ಅವರದೇ, ಫೋನು, ಡೇಟಾ, ರಿಪೇರಿ ಎಲ್ಲವೂ ಅವರದೇ. ಹೋಟೆಲಿನ ಬಾಗಿಲಲ್ಲಿ ಆರ್ಡರಿಗಾಗಿ ಕಾದು ನಿಂತ ಹೊತ್ತಿಗೆ ಕೂಲಿ ಬರುವುದಿಲ್ಲ. ಇನ್ಸೆಂಟಿವ್ ಲೆಕ್ಕ ಯಾವಾಗ ಬದಲಾಗುತ್ತದೆ ಎಂಬುದು ಅವರ ಕೈಯಲ್ಲಿಲ್ಲ. ರೇಟಿಂಗ್ ಕುಸಿದರೆ ಅಥವಾ ಗ್ರಾಹಕರೊಬ್ಬರ ದೂರು ಬಂದರೆ ಐಡಿ ಬ್ಲಾಕ್ ಆಗುವ ಭಯ ಬೇರೆ. ಹಿಂದೆ ವ್ಯಾಪಾರ ಕುಗ್ಗಿದ ದಿನದ ನಷ್ಟ ಅಂಗಡಿಯ ಯಜಮಾನನದಾಗಿತ್ತು, ಆಳಿನ ಸಂಬಳ ನಿಲ್ಲುತ್ತಿರಲಿಲ್ಲ. ಈಗ ಆ ನಷ್ಟವನ್ನು ಹೊರುವವನು ದುಡಿಯುವವನೇ. ಇದು ಆ್ಯಪ್‌ಗಳಿಗಷ್ಟೇ ಅಂಟಿದ ರೋಗವೂ ಅಲ್ಲ. ಸರ್ಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಬರುವ ವರ್ಷ ಪಾಠ ಮಾಡುವೆವೋ ಇಲ್ಲವೋ ಎಂಬುದನ್ನು ಅರಿಯದೆಯೇ ಪಾಠ ಮಾಡುತ್ತಾರೆ. ಕರ್ನಾಟಕದ್ದೇ ಆದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ, ಬಹುಕಾಲ ದುಡಿದ ಮಾತ್ರಕ್ಕೆ ತಾತ್ಕಾಲಿಕ ನೌಕರರಿಗೆ ಕಾಯಮಾತಿಯ ಹಕ್ಕು ಹುಟ್ಟುವುದಿಲ್ಲ ಎಂದಿತು.

ಇನ್ನು ಗೀತೆಗೆ ಬರೋಣ. ಎರಡನೆಯ ಅಧ್ಯಾಯದ ಆ ಮಾತು ಕರ್ಮ ಮಾಡುವವನ ಮನಸ್ಸನ್ನು ಕುರಿತದ್ದು. ಫಲದ ಲೆಕ್ಕಾಚಾರ ಕೈಯನ್ನು ನಡುಗಿಸಬಾರದು ಎಂಬುದು ಅದರ ಕಾಳಜಿ. ಮಾಡಿದವನಿಗೆ ಫಲ ಕೊಡದಿರಲು ಮಾಡಿಸಿಕೊಂಡವನಿಗೆ ಅದು ಎಲ್ಲೂ ಅಪ್ಪಣೆ ಕೊಡುವುದಿಲ್ಲ. ಕೊಡುವವನಿಗೂ ಪಡೆಯುವವನಿಗೂ ಇರುವ ನಂಟನ್ನು ಗೀತೆ ಹೇಳುವುದು ಮೂರನೆಯ ಅಧ್ಯಾಯದ ಯಜ್ಞಚಕ್ರದ ಭಾಗದಲ್ಲಿ. ಅಲ್ಲಿ ಅದರ ದನಿ ಕಟುವಾಗಿದೆ: ಪಡೆದದ್ದನ್ನು ಹಿಂದಿರುಗಿಸದೆ ತಾನೊಬ್ಬನೇ ಉಣ್ಣುವವನನ್ನು ಅದು ಕಳ್ಳನೆಂದು ಕರೆಯುತ್ತದೆ. ಎರಡನ್ನೂ ಒಟ್ಟಿಗೆ ಓದಿದರೆ ಫಲತ್ಯಾಗದ ಮಾತು ಮೊದಲು ಅನ್ವಯಿಸಬೇಕಾದದ್ದು ಫಲ ರಾಶಿಬಿದ್ದ ಕಡೆಗೆ. ದಿನದ ದುಡಿಮೆಯಲ್ಲಿ ಬಾಡಿಗೆ, ಬೈಕಿನ ಕಂತು ಎರಡನ್ನೂ ಹೊಂದಿಸಲು ಹೆಣಗುವವನಿಗೆ ನಿಷ್ಕಾಮವನ್ನು ಬೋಧಿಸುವುದು ಹಸಿದವನಿಗೆ ಏಕಾದಶಿಯ ಮಹಿಮೆ ಹೇಳಿದಂತೆ. ಉಪವಾಸ ವ್ರತವಾಗುವುದು ಮನೆಯಲ್ಲಿ ಅಕ್ಕಿ ಇರುವವನಿಗೆ.

ಕಾಯಕದ ವಿಷಯದಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಆಯ್ದಕ್ಕಿ ಮಾರಯ್ಯನ ಕೆಲಸ ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು. ಅದಕ್ಕಿಂತ ಅನಿಶ್ಚಿತವಾದ ವೃತ್ತಿ ಯಾವುದಿದೆ? ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಒಪ್ಪದೆ, ಹೆಚ್ಚಿನದನ್ನು ಮರಳಿ ಸುರಿದು ಬಾ ಎಂದು ಕಳಿಸಿದಳೆಂಬ ಕಥೆಯನ್ನು ನಾಳೆಗೆ ಕೂಡಿಡದ ನಿಷ್ಠೆಗೆ ಉದಾಹರಣೆಯಾಗಿ ಹೇಳುತ್ತಾರೆ. ಅದು ಸರಿಯೇ. ಆದರೆ ಆ ಅಂಗಳದಲ್ಲಿ ದಿನವೂ ಅಕ್ಕಿ ಚೆಲ್ಲುತ್ತಿದ್ದುದು ಅಲ್ಲಿ ದಿನವೂ ದಾಸೋಹ ನಡೆಯುತ್ತಿದ್ದುದರಿಂದ ಎಂಬುದನ್ನು ಮರೆಯುತ್ತೇವೆ. ದುಡಿದದ್ದು ದಾಸೋಹಕ್ಕೆ ಹರಿಯಬೇಕು, ಯಾರೂ ಹಸಿದಿರಬಾರದು ಎಂಬ ಕಟ್ಟಳೆಯೊಳಗೆ ಲಕ್ಕಮ್ಮನ ನಿರ್ಭಯ ಬೆಳೆಯಿತು. ಕೂಡಿಡಬೇಡ ಎಂದ ಸಮಾಜವೇ ಹಂಚಿ ಉಣ್ಣು ಎಂದಿತು. ಮೇಲಾಗಿ ಹೆಚ್ಚಿನ ಅಕ್ಕಿ ಬೇಡವೆಂದವಳು ಲಕ್ಕಮ್ಮನೇ ಹೊರತು ಅಂಗಳದ ಒಡೆಯನಲ್ಲ. ದಾಸೋಹವಿಲ್ಲದ ಕಾಯಕ ಶರಣರ ಕಾಯಕವಲ್ಲ, ಬರೀ ಬಿಡುವಿಲ್ಲದ ದುಡಿತ.

ಬೇರೆ ಧರ್ಮಗಳಲ್ಲೂ ಈ ಜೋಡಣೆ ಇದೆ. ಬಡ ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವ ಮೊದಲೇ ಕೊಡಬೇಕೆಂದು ಯಹೂದಿ ಧರ್ಮಶಾಸ್ತ್ರ ವಿಧಿಸುತ್ತದೆ. ಬೆವರು ಆರುವ ಮುನ್ನ ಕೊಡಬೇಕೆನ್ನುತ್ತದೆ ಹದೀಸ್. ಮತ್ತಾಯನ ಸುವಾರ್ತೆಯ ದ್ರಾಕ್ಷಿತೋಟದ ಸಾಮತಿಯಲ್ಲಿ, ಯಾರೂ ಕರೆಯದ ಕಾರಣ ಸಂಜೆಯವರೆಗೂ ಪೇಟೆಯಲ್ಲಿ ನಿಂತಿದ್ದವರಿಗೂ ಯಜಮಾನ ಇಡೀ ದಿನದ ಕೂಲಿ ಕೊಡುತ್ತಾನೆ. ಆ ಕಥೆಯಿಂದಲೇ ಹೆಸರು ಪಡೆದ ರಸ್ಕಿನ್ನನ ‘ಅನ್‌ಟು ದಿಸ್ ಲಾಸ್ಟ್’ ಪುಸ್ತಕವನ್ನು ಗಾಂಧೀಜಿ 1904ರಲ್ಲಿ ದಕ್ಷಿಣ ಆಫ್ರಿಕಾದ ರೈಲಿನಲ್ಲಿ ಓದಿದರು. 1908ರಲ್ಲಿ ಅದರ ಸಾರವನ್ನು ‘ಸರ್ವೋದಯ’ ಎಂಬ ಹೆಸರಿನಲ್ಲಿ ಗುಜರಾತಿಗೆ ತಂದರು. ರಸ್ಕಿನ್ ಎತ್ತಿದ ಒಂದು ಅಂಶ ಇಂದಿಗೂ ಹೊಸದಾಗಿದೆ: ನಡುನಡುವೆ ನಿಲ್ಲುವ ಕೆಲಸ ಮಾಡುವವನು ಬದುಕಬೇಕಾದರೆ, ನಿರಂತರ ಕೆಲಸವಿರುವವನಿಗಿಂತ ಅವನಿಗೆ ಹೆಚ್ಚಿನ ಕೂಲಿ ಬೇಕು. ಅನಿಶ್ಚಿತತೆಗೂ ಒಂದು ಬೆಲೆಯಿದೆ. ಗಿಗ್ ವ್ಯವಸ್ಥೆಯಲ್ಲಿ ಆ ಬೆಲೆಯನ್ನು ತೆರುತ್ತಿರುವವನು ಕಾರ್ಮಿಕ.

ಇದಕ್ಕೆ ಆಕ್ಷೇಪಗಳಿವೆ. ಈ ಕೆಲಸವನ್ನು ಅವರೇ ಆರಿಸಿಕೊಂಡಿದ್ದಾರೆ, ಬೇಕಾದಾಗ ಲಾಗಿನ್, ಬೇಡವಾದಾಗ ಲಾಗೌಟ್, ಯಾರ ದರ್ಪವೂ ಇಲ್ಲ ಎಂಬುದು ಮೊದಲನೆಯದು. ಇದರಲ್ಲಿ ಸತ್ಯಾಂಶವಿದೆ. ಕಾಲೇಜಿನ ಜೊತೆಗೆ ದುಡಿಯುವ ಹುಡುಗನಿಗೆ, ಜಾತಿ ಕೇಳದೆ ಕೆಲಸ ಸಿಕ್ಕವನಿಗೆ ಈ ಸಡಿಲತೆ ದೊಡ್ಡದು. ಆದರೆ ಹೊತ್ತನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯಕ್ಕೂ ಅಪಘಾತದ ಖರ್ಚು ಅವನ ತಲೆಗೇ ಬರುವುದಕ್ಕೂ ಯಾವ ಸಂಬಂಧವೂ ಇಲ್ಲ. ಮೊದಲನೆಯದನ್ನು ಉಳಿಸಿಕೊಂಡೇ ಎರಡನೆಯದನ್ನು ತಪ್ಪಿಸಬಹುದು. ಎರಡನೆಯ ಆಕ್ಷೇಪ ತಾತ್ತ್ವಿಕವಾದದ್ದು: ಎಲ್ಲವೂ ಅನಿತ್ಯ, ಭದ್ರತೆಯೇ ಭ್ರಮೆ, ಕಾಯಂ ನೌಕರನೂ ನಾಳೆ ಸಾಯಬಹುದು. ಅನಿತ್ಯವನ್ನು ಬುದ್ಧನಿಗಿಂತ ಗಟ್ಟಿಯಾಗಿ ಹೇಳಿದವರು ಯಾರು? ಆದರೂ ಅವನು ಭಿಕ್ಷುವನ್ನು ಒಂಟಿಯಾಗಿ ಬಿಡಲಿಲ್ಲ, ಸಂಘ ಕಟ್ಟಿದ. ಅನ್ನ, ಬಟ್ಟೆ, ಔಷಧ ಕೊಡುವುದು ಗೃಹಸ್ಥರಿಗೆ ಪುಣ್ಯವೆಂದ. ರೋಗಿಯಾದ ಭಿಕ್ಷುವಿನ ಆರೈಕೆ ಉಳಿದ ಭಿಕ್ಷುಗಳ ಕರ್ತವ್ಯವೆಂದು ನಿಯಮ ಮಾಡಿದ. ಸಾವು ಯಾರ ಕೈಯಲ್ಲೂ ಇಲ್ಲ. ಇನ್ಸೆಂಟಿವ್ ಲೆಕ್ಕ ಒಬ್ಬರ ಕೈಯಲ್ಲಿದೆ. ಮನುಷ್ಯ ಮಾಡಿದ ಅನಿಶ್ಚಿತತೆಯನ್ನು ಪ್ರಕೃತಿಯ ಅನಿತ್ಯದ ಲೆಕ್ಕಕ್ಕೆ ಬರೆಯುವುದು ತತ್ತ್ವಜ್ಞಾನವಲ್ಲ, ಜಾಣತನ.

ಮೂರನೆಯ ಆಕ್ಷೇಪ ವ್ಯವಹಾರದ್ದು: ಹೊಣೆ ಹೊರಿಸಿದರೆ ಬೆಲೆ ಏರುತ್ತದೆ, ಕೆಲಸವೇ ಕಡಿಮೆಯಾಗುತ್ತದೆ. ಸ್ವಲ್ಪ ಏರಬಹುದು. ಆದರೆ ಇಂದಿನ ಅಗ್ಗದ ದರ ನಿಜವಾದ ದರವಲ್ಲ. ಅದರ ಒಂದು ಪಾಲನ್ನು ಮಳೆಯಲ್ಲಿ ಬೈಕು ಜಾರಿ ಬಿದ್ದವನ ಮನೆಯವರು ಕಟ್ಟುತ್ತಿದ್ದಾರೆ. ಗಿಗ್ ಕಾರ್ಮಿಕರಿಗಾಗಿ ರಾಜಸ್ಥಾನ 2023ರಲ್ಲಿ, ಕರ್ನಾಟಕ 2025ರಲ್ಲಿ ಕಾನೂನು ತಂದವು. ನಮ್ಮ ಕಾಯ್ದೆಯ ಪ್ರಕಾರ ಕಾರ್ಮಿಕನಿಗೆ ಪ್ರತಿ ವಹಿವಾಟಿಗೆ ಪಾವತಿಸುವ ಮೊತ್ತದ ಶೇ 1ರಿಂದ 5ರಷ್ಟನ್ನು ಕಂಪನಿಗಳು ಕಲ್ಯಾಣ ನಿಧಿಗೆ ಕೊಡಬೇಕು. ಕೆಲಸದಿಂದ ತೆಗೆಯುವ ಮುನ್ನ ಕಾರಣ ತಿಳಿಸಿ 14 ದಿನಗಳ ನೋಟಿಸ್ ಕೊಡಬೇಕು. ಕೂಲಿಯಿಲ್ಲದ ಕಾಯುವಿಕೆಗೆ, ಆರ್ಡರಿಲ್ಲದ ದಿನಕ್ಕೆ ಆ ನಿಧಿಯಿಂದ ಪೂರ್ತಿ ಪರಿಹಾರ ಸಿಗುವುದಿಲ್ಲ. ಆದರೂ ಫಲ ಪಡೆದವನು ಒಂದು ಪಾಲನ್ನು ಹಿಂದಿರುಗಿಸಲೇಬೇಕೆಂಬ ತತ್ತ್ವವನ್ನು ಅದು ಒಪ್ಪಿದೆ.

ಆ ಪಾಲು ಧರ್ಮದೃಷ್ಟಿಯಿಂದ ದಾನವಲ್ಲ, ಸಾಲದ ಮರುಪಾವತಿ. ಆರ್ಡರು ಕೊಟ್ಟು ಅರ್ಧ ಗಂಟೆಯಲ್ಲಿ ಊಟ ತರಿಸಿಕೊಳ್ಳುವ ನಾವೂ ಆ ಫಲದ ಪಾಲುದಾರರಾದ್ದರಿಂದ ಸಾಲ ನಮ್ಮ ಮೇಲೂ ಇದೆ. ಕಲ್ಯಾಣ ನಿಧಿಯ ಶುಲ್ಕದಿಂದ ಬಿಲ್ಲು ಕೆಲವು ರೂಪಾಯಿ ಏರಿದರೆ ಗೊಣಗುವ ಹಕ್ಕು ನಮಗಿಲ್ಲ. ವೈರಾಗ್ಯ ದೊಡ್ಡ ಮೌಲ್ಯವೇ, ಆದರೆ ಅದು ತನಗೆ ತಾನೇ ವಿಧಿಸಿಕೊಳ್ಳಬೇಕಾದದ್ದು. ನಾಳೆಯ ಬಗ್ಗೆ ಚಿಂತಿಸಬೇಡ ಎಂದು ಇನ್ನೊಬ್ಬರಿಗೆ ಹೇಳಹೊರಟವರು, ಆ ನಾಳೆಯಲ್ಲಿ ತಾವು ಎಷ್ಟು ಹೊರುತ್ತೇವೆ ಎಂಬುದನ್ನು ಮೊದಲು ಹೇಳಬೇಕು.