ಅನ್ನ ಯಾರ ಋಣ?
ಬಂದವರಿಗೆಲ್ಲ ಊಟ ನೀಡುವ ಸಂಪ್ರದಾಯವುಳ್ಳ ಹೊರನಾಡಿನ ಅನ್ನಪೂರ್ಣೇಶ್ವರಿ ದೇವಾಲಯವಿರುವ ಕಳಸ ಸೀಮೆಯಲ್ಲಿ, 2020ರ ಮಾರ್ಚ್‌ನ ಕೊರೊನಾ ಲಾಕ್‌ಡೌನ್ ದೇವಾಲಯಗಳ ಬಾಗಿಲು ಮುಚ್ಚಿಸಿದಾಗ, ಹಸಿದವರಿಗೆ ಉಣಿಸುವ ಹೊಣೆ ಯಾರದೆಂಬ ಧರ್ಮಪ್ರಶ್ನೆ ಪಡಿತರ ಅಂಗಡಿಯ ಮುಂದೆ ಬಂದು ನಿಂತಿತು. ಗರೀಬ್ ಕಲ್ಯಾಣ್ ಅನ್ನ ಯೋಜನೆ ಏಪ್ರಿಲ್‌ನಿಂದ ಪ್ರತಿ ವ್ಯಕ್ತಿಗೆ ತಿಂಗಳಿಗೆ 5 ಕಿಲೋ ಧಾನ್ಯವನ್ನು ಉಚಿತವಾಗಿ ಕೊಟ್ಟಿತಾದರೂ ಅದಕ್ಕೆ ಪಡಿತರ ಚೀಟಿ ಬೇಕಿತ್ತು; ಮೂಡಿಗೆರೆಯಂಥ ಕಡೆ ತೋಟದ ಲೈನ್‌ಗಳಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಗಳಲ್ಲಿ, ನೆಲೆಸುವ ವಲಸಿಗರ ಪೈಕಿ ಚೀಟಿಯಿಲ್ಲದವರಿಗೆ ಎರಡು ತಿಂಗಳ ಧಾನ್ಯ ಘೋಷಣೆಯಾದದ್ದು ಮೇ ಮಧ್ಯದಲ್ಲಿ. ದಾನ ಕೊಡುವವನಿಗೆ ಪುಣ್ಯ ತರುತ್ತದೆಂಬ ನಂಬಿಕೆಯಿದೆ. ಶರಣರ ದಾಸೋಹವಾದರೋ, ಅಂದರೆ ದುಡಿಮೆಯ ಫಲವನ್ನು ಸಮಾಜದ್ದೆಂದು ಬಗೆದು ವಿನಯದಿಂದ ಹಂಚುವ ತತ್ತ್ವ, ಕೊಡುವವನನ್ನೇ ಋಣಿಯಾಗಿಸುತ್ತದೆ. ಈ ದೃಷ್ಟಿಯಲ್ಲಿ, ಕಾಫಿ ಹಣ್ಣು ಕೊಯ್ದ ಕೈ ಅಕ್ಕಿಗಾಗಿ ಅರ್ಹತೆಯ ಪುರಾವೆ ಹಿಡಿಯಬೇಕಾದದ್ದು ಘೋರ ಅನ್ಯಾಯ; ಕಾರ್ಮಿಕರ ವಸತಿ ಮತ್ತು ವೈದ್ಯಕೀಯ ನೆರವನ್ನು 1951ರ ತೋಟ ಕಾರ್ಮಿಕರ ಕಾಯ್ದೆಯೂ ಮಾಲೀಕನ ಕೃಪೆಯೆಂದಲ್ಲ, ಕರ್ತವ್ಯವೆಂದೇ ವಿಧಿಸಿತ್ತು.