ಬಾಣಕ್ಕೆ ಕಟ್ಟಿದ ತೊಗಲು

ನಮ್ಮ ಕ್ಯಾತನಹಳ್ಳಿಯವರು ಕಚೇರಿ ಕೆಲಸ ಅಂತ ಹೋಗುವ ತಾಲ್ಲೂಕು ಕೇಂದ್ರ ಪಾಂಡವಪುರ. ಅದಕ್ಕೆ ಹಿರೋಡೆ ಅಂತ ಹಳೆಯ ಹೆಸರು. ನಡುವೆ ಇನ್ನೊಂದು ಹೆಸರೂ ಇತ್ತು: ಫ್ರೆಂಚ್ ರಾಕ್ಸ್. ಹೈದರ್, ಟಿಪ್ಪು ಕಾಲದಲ್ಲಿ ಅವರ ಕಡೆಯ ಫ್ರೆಂಚ್ ಸಿಪಾಯಿಗಳು ಇಲ್ಲಿನ ಬಂಡೆಗಳ ಹತ್ತಿರ ಬೀಡು ಬಿಟ್ಟಿದ್ದರಿಂದ ಬಂದ ಹೆಸರು ಅದು. ಎರಡು ದೇಶಗಳು ಕೈಜೋಡಿಸಿದ್ದಕ್ಕೆ ನಮ್ಮ ಬಂಡೆಗಳೇ ಸಾಕ್ಷಿ.

ಇವತ್ತೂ ಪತ್ರಿಕೆ ತೆರೆದರೆ ಅದೇ ಸುದ್ದಿ. ವೈಜ್ಞಾನಿಕ ಸಹಕಾರ, ತಂತ್ರಜ್ಞಾನ ಒಪ್ಪಂದ. ಇಬ್ಬರು ದೊಡ್ಡವರು ಕೈಕುಲುಕುವ ಫೋಟೊ. ನನ್ನದು ಒಂದೇ ಪ್ರಶ್ನೆ ಗೆಳೆಯರೆ: ಎರಡು ದೇಶ ಅಂದರೆ ಯಾರು? ವಿದ್ಯೆ ಕೊಟ್ಟ ಕೈ ಯಾವುದು, ಹೆಸರು ಪಡೆದ ಕೈ ಯಾವುದು?

1788ರಲ್ಲಿ ಟಿಪ್ಪುವಿನ ಮೂವರು ರಾಯಭಾರಿಗಳು ಫ್ರಾನ್ಸಿಗೆ ಹೋಗಿ ದೊರೆ ಹದಿನಾರನೆಯ ಲೂಯಿಯನ್ನು ಕಂಡರು. ಬರೀ ಸೈನ್ಯ ಕೊಡಿ ಅನ್ನಲಿಲ್ಲ. ಬಂದೂಕು ಮಾಡುವವರು, ಗಡಿಯಾರ ಮಾಡುವವರು, ಪಿಂಗಾಣಿ ಕೆಲಸದವರು ಬೇಕು ಅಂತಲೂ ಕೇಳಿದರು. ಒಬ್ಬ ದೊರೆ ಕೈಕೆಲಸದವರ ಬೆಲೆ ಅರಿತಿದ್ದ. ಅದು ಸಣ್ಣ ಮಾತಲ್ಲ.

ಆದರೆ ಇಂಗ್ಲಿಷರನ್ನು ಬೆಚ್ಚಿಸಿದ ಬಾಣ, ಅಂದರೆ ರಾಕೆಟ್ಟು, ಫ್ರಾನ್ಸಿನಿಂದ ಬಂದದ್ದಲ್ಲ. ಈ ನೆಲದ್ದೇ. ಒಂದು ಕಬ್ಬಿಣದ ಕೊಳವೆ, ಒಳಗೆ ಮದ್ದು, ಜೊತೆಗೆ ಉದ್ದನೆಯ ಬಿದಿರು. ಕಾಗದದ ಕೊಳವೆಯಾದರೆ ಮದ್ದಿನ ಒತ್ತಡಕ್ಕೆ ಬಿರಿಯುತ್ತದೆ. ಕಬ್ಬಿಣ ತಡೆಯುತ್ತದೆ, ಅದಕ್ಕೇ ದೂರ ಹೋಗುತ್ತದೆ. ಆ ಕೊಳವೆಯನ್ನು ಬಿದಿರಿಗೆ ಬಿಗಿದದ್ದು ತೊಗಲಿನ ಪಟ್ಟಿಯಿಂದ. ತೊಗಲು ಸುಲಿದು ಹದ ಮಾಡುವ ಕೆಲಸ ಊರಿನಲ್ಲಿ ಯಾರ ಪಾಲಿಗೆ ಬಿದ್ದಿತ್ತು ಅಂತ ತಿಳಿಯೋದಕ್ಕೆ ನಾವು ಪುಸ್ತಕ ನೋಡಬೇಕಾಗಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಬಾಣಗಳನ್ನು ಇಂಗ್ಲೆಂಡಿಗೆ ಹೊತ್ತುಕೊಂಡು ಹೋದರು. ಅವನ್ನು ನೋಡಿ ವಿಲಿಯಂ ಕಾಂಗ್ರೀವ್ ಹೊಸ ರಾಕೆಟ್ಟು ಮಾಡಿದ. 1807ರಲ್ಲಿ ಕೋಪನ್‌ಹೇಗನ್ ಪಟ್ಟಣವನ್ನು ಅದರಿಂದ ಸುಟ್ಟರು. ಹೆಸರು 'ಕಾಂಗ್ರೀವ್ ರಾಕೆಟ್' ಅಂತಾಯಿತು. ಇದು ಲೂಟಿ ಅಂದರೆ ಎಲ್ಲರೂ ಒಪ್ಪುತ್ತಾರೆ. ದೇಶಾಭಿಮಾನಿಗಳಿಗೆ ಸಿಟ್ಟು ಬರುತ್ತದೆ. ನನಗೂ ಬರುತ್ತದೆ. ಆದರೆ ಇಂಗ್ಲಿಷರು ಬರುವ ಮುಂಚೆಯೇ ನಡೆದಿದ್ದ ಇನ್ನೊಂದು ಲೂಟಿಗೆ ಯಾಕೆ ಸ್ವಾಮಿ ಇವರಿಗೆ ಸಿಟ್ಟು ಬರುವುದಿಲ್ಲ? ತೊಗಲು ಬಾಣಕ್ಕೆ ಬೇಕು, ಕಪಿಲೆಗೆ ಬೇಕು, ಮೆಟ್ಟಿಗೆ ಬೇಕು. ಹದ ಮಾಡಿದ ಕೈ ಮಾತ್ರ ಮೈಲಿಗೆ.

ನಮ್ಮಪ್ಪ ತಮಟೆ ಬಡಿಯುತ್ತಿದ್ದ. ಹಬ್ಬದ ದಿನ ಹುಲ್ಲಿನ ಬೆಂಕಿಗೆ ತಮಟೆ ಹಿಡಿದು, ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದ. ನಾನು ಡಿಗ್ರಿ ಓದಿದವನು. ಬಿಸಿಗೆ ತೊಗಲು ಬಿಗಿಯಾಗುತ್ತದೆ, ಬಿಗಿ ಹೆಚ್ಚಿದಂತೆ ಕಂಪನ ಹೆಚ್ಚುತ್ತದೆ ಅಂತ ಒಮ್ಮೆ ಅವನಿಗೆ ವಿವರಿಸಿದೆ. ಅಪ್ಪ ನಕ್ಕ. 'ನಿನ್ ಪುಸ್ತಕ ಸರಿ ಕನ ಮಗ. ಈಗ ಕಾವು ಸಾಕೋ ಇನ್ನೂ ಬೇಕೋ, ಅದ ಯೋಳು ನೋಡಾನ' ಅಂದ. ನನಗೆ ಹೇಳಲಾಗಲಿಲ್ಲ. ಒಂದೇ ಮನೆಯಲ್ಲಿ ಎರಡು ದೇಶ ಇದ್ದವು. ನಡುವೆ ಒಪ್ಪಂದ ಇರಲಿಲ್ಲ.

ಇದು ನಮ್ಮ ಮನೆಯ ಕತೆ ಮಾತ್ರ ಅಲ್ಲ. ಜಾತಿ ಹಂಚಿದ್ದು ಕೆಲಸವನ್ನಲ್ಲ, ಕೆಲಸ ಮಾಡುವ ಜನರನ್ನು ಎಂಬುದನ್ನು ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟರು. ಕೈ ಬಲ್ಲದ್ದು ಪುಸ್ತಕಕ್ಕೆ ಹೋಗದಂತೆ, ಪುಸ್ತಕದ್ದು ಕೈಗೆ ಬರದಂತೆ ನಡುವೆ ಗೋಡೆ ಎದ್ದಿತು. ಆ ಗೋಡೆ ಸಮುದ್ರಕ್ಕಿಂತ ದೊಡ್ಡದು. ಸಮುದ್ರವನ್ನಾದರೆ ಹಡಗಿನಲ್ಲಿ ದಾಟಬಹುದು.

ಹಾಗಾದರೆ ಹೊರದೇಶದ ವಿದ್ಯೆ ಬೇಡವೇ? ಬೇಡ ಅಂದರೆ ನಮ್ಮ ಬಾಯಿಗೆ ನಾವೇ ಮಣ್ಣು ಹಾಕಿಕೊಂಡಂತೆ. 1913ರಲ್ಲಿ ಅಂಬೇಡ್ಕರರು ಅಮೆರಿಕದ ಕೊಲಂಬಿಯಕ್ಕೆ ಹೋಗಿ ಓದಿ ತಂದ ವಿದ್ಯೆಯೇ ನಮ್ಮ ಬೆನ್ನು ನೆಟ್ಟಗೆ ಮಾಡಿದ್ದು. ವಿದ್ಯೆ ದೇಶದಿಂದ ದೇಶಕ್ಕೆ ಹರಿಯಲಿ. ಹರಿದು ಎಲ್ಲಿ ನಿಲ್ಲುತ್ತದೆ ಅನ್ನುವುದು ನನ್ನ ತಕರಾರು.

1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೊದಲ ರಾಕೆಟ್ಟು ಹಾರಿತು. ರಾಕೆಟ್ಟು ಅಮೆರಿಕದ್ದು. ಜೋಡಿಸಿದ್ದು ಮೀನುಗಾರರ ಚರ್ಚಿನೊಳಗೆ. ಅವರು ಆ ಜಾಗ ಬಿಟ್ಟುಕೊಟ್ಟು ಬೇರೆ ಕಡೆ ಹೋದರು. ಒಪ್ಪಂದದಲ್ಲಿ ಅವರ ರುಜು ಇಲ್ಲ. ಅದೇ ಕಾಲದಲ್ಲಿ ತರಬೇತಿಗೆಂದು ಅಮೆರಿಕಕ್ಕೆ ಹೋಗಿದ್ದ ಅಬ್ದುಲ್ ಕಲಾಂ, ನಾಸಾ ಕೇಂದ್ರವೊಂದರ ಗೋಡೆಯ ಮೇಲೆ ಟಿಪ್ಪು ಸೈನ್ಯದ ಚಿತ್ರ ಕಂಡರಂತೆ. ಬಾಣ ಬಿಡುತ್ತಿದ್ದವರು ಕಪ್ಪು ಮೈಯವರು. ಚಿತ್ರಕ್ಕೆ ಕಪ್ಪು ಮೈ ಸೇರಿತು. ಚರಿತ್ರೆಗೆ ಅವರ ಹೆಸರು ಸೇರಲಿಲ್ಲ.

2025ರ ಜುಲೈ 30ರಂದು ನಾಸಾ ಮತ್ತು ಇಸ್ರೋ ಸೇರಿ ಮಾಡಿದ ನಿಸಾರ್ ಉಪಗ್ರಹ ಶ್ರೀಹರಿಕೋಟದಿಂದ ಹಾರಿತು. ನೆಲ ಒಂದು ಸೆಂಟಿಮೀಟರ್ ಕುಸಿದರೂ ಗುರುತಿಸಬಲ್ಲದು. ಮಣ್ಣಿನ ತೇವ ಅಳೆಯಬಲ್ಲದು. ದೊಡ್ಡ ಕೆಲಸವೇ. ಅದರ ಮಾಹಿತಿ ಎಲ್ಲರಿಗೂ ಮುಕ್ತವಂತೆ. ಇರಲಿ, ದೇವಸ್ಥಾನದ ಬಾಗಿಲೂ ಕಾನೂನಿನಲ್ಲಿ ನಮಗೆ ತೆರೆದೇ ಇದೆ! ಇಂಗ್ಲಿಷು ಬರಬೇಕು, ಕಂಪ್ಯೂಟರು ಬೇಕು, ಕಲಿಸುವವರು ಬೇಕು. ತೆರೆದ ಬಾಗಿಲಿನವರೆಗೆ ದಾರಿ ಮಾಡುವವರು ಯಾರು? ಮಣ್ಣಿನ ತೇವವನ್ನು ಅಂಗಾಲಿನಲ್ಲೇ ತಿಳಿಯುವ ಕೂಲಿಯವಳನ್ನು ಯಾವ ವಿಜ್ಞಾನಿ ಬಂದು ಕೇಳಿದ? ಕೇಳಿದರೆ ಅವಳೂ ಹೇಳಿಯಾಳು, ಅವನೂ ಕಲಿತಾನು. ನಾನು ಸಹಕಾರ ಅನ್ನುವುದು ಅದಕ್ಕೆ.

ದೇಶ ದೇಶಗಳ ಸಹಕಾರವನ್ನು ಅಳೆಯಲು ನನ್ನ ಹತ್ತಿರ ಇರುವ ಅಳತೆಗೋಲು ಇಷ್ಟೆ: ಊರು ಕೇರಿಗಳ ನಡುವೆ ಅದು ಏನು ಮಾಡಿತು? ಕೇರಿಯ ಹುಡುಗಿ ಲ್ಯಾಬಿನ ಒಳಗೆ ಕಾಲಿಟ್ಟಳೋ, ಅದೇ ಲ್ಯಾಬಿನ ಹೊರಗೆ ಕಸ ಗುಡಿಸುತ್ತಲೇ ಉಳಿದಳೋ?

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೆಯ ಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಬಾಣಗಳು ಸಿಕ್ಕವು, ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು. ಕಬ್ಬಿಣ ಇನ್ನೂರು ವರ್ಷ ತಾಳುತ್ತದೆ, ತೊಗಲು ಮಣ್ಣಾಗುತ್ತದೆ. ಟಿಪ್ಪುವಿನ ಬಾಣದ ಪಾಠ ಮಾಡುವ ಮೇಷ್ಟ್ರುಗಳೆ, ಆ ತೊಗಲಿನ ಪಟ್ಟಿಯ ಹತ್ತಿರ ಒಂದು ಗಳಿಗೆ ನಿಲ್ಲಿ. ಇದನ್ನು ಬಿಗಿದವರು ಯಾರು ಅಂತ ಮಕ್ಕಳನ್ನು ಕೇಳಿ. ಹಿಂದಿನ ಬೆಂಚಿನಿಂದ ಒಂದು ಮಗು ಎದ್ದು ನಿಂತು ಉತ್ತರ ಹೇಳಲಿ, ತಲೆ ತಗ್ಗಿಸದೆ.