ನಿಲ್ಲಿಸಿಟ್ಟ ಕಾರು ಯಾರದು?



ಒಂದು ವಸ್ತುವನ್ನು ಬಳಸದೆ ಜೋಪಾನವಾಗಿ ಎತ್ತಿಡುವುದು ಸದ್ಗುಣವೇ? ಅಜ್ಜಿಯ ಕಾಲದ ರೇಷ್ಮೆ ಸೀರೆಯ ವಿಷಯದಲ್ಲಿ ಹೌದೆನ್ನುತ್ತೇವೆ. ಅಂಗಳದಲ್ಲಿ ನಿಲ್ಲಿಸಿಟ್ಟ ಕಾರಿನ ವಿಷಯದಲ್ಲಿ ಏನೆನ್ನೋಣ? ನಮ್ಮ ಟಿಳಕವಾಡಿಯಂಥ ಬಡಾವಣೆಯಲ್ಲಿ ಇದು ಬರೀ ಪುಸ್ತಕದ ಪ್ರಶ್ನೆಯಲ್ಲ. ಮಗನೋ ಅಳಿಯನೋ ದುಡಿಯಲು ಗಲ್ಫಿಗೆ ಹೊರಡುತ್ತಾನೆ. ಕಾರು ಇಲ್ಲೇ ಉಳಿಯುತ್ತದೆ. ಅದನ್ನು ನೋಡಿಕೊಳ್ಳಲು ವಯಸ್ಸಾದ ತಂದೆತಾಯಿ ಉಳಿಯುತ್ತಾರೆ.

ಮೊದಲು ಕೆಲಸದ ಮಾತು ಮುಗಿಸೋಣ. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಖಾನಾಪುರದ ಕಾಡಿನತ್ತ ಹೋದಷ್ಟೂ ಅದು ಹೆಚ್ಚು. ಈ ತೇವದಲ್ಲಿ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವವರು ಅದನ್ನು ಒಳಗೂ ಹೊರಗೂ ತೊಳೆದು ಪೂರ್ತಿ ಒಣಗಿಸಬೇಕು. ಹಳೆಯ ಇಂಜಿನ್ ಆಯಿಲ್‌ನಲ್ಲಿ ಆಮ್ಲದ ಅಂಶ ಸೇರಿರುತ್ತದೆ. ಅದನ್ನು ಬದಲಿಸಿಯೇ ನಿಲ್ಲಿಸುವುದು ಒಳ್ಳೆಯದು. ಟ್ಯಾಂಕ್ ತುಂಬಿಸಿಡಬೇಕು. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಟ್ಯಾಂಕಿನಲ್ಲಿ ಖಾಲಿ ಜಾಗ ಉಳಿದರೆ ಅಲ್ಲಿನ ಒದ್ದೆ ಗಾಳಿಯಿಂದ ಅದು ನೀರನ್ನು ಹೀರಿಕೊಳ್ಳುತ್ತದೆ. ಬ್ಯಾಟರಿಯ ಸಂಪರ್ಕ ಬಿಚ್ಚುವಾಗ ನೆಗೆಟಿವ್ ತಂತಿಯನ್ನೇ ಮೊದಲು ಬಿಚ್ಚಬೇಕು. ಟೈರುಗಳಿಗೆ ಸ್ವಲ್ಪ ಹೆಚ್ಚು ಗಾಳಿ ಹಾಕಬೇಕು. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಬ್ರೇಕ್ ಅಂಟಿಕೊಳ್ಳಬಹುದು. ಅದನ್ನು ಸಡಿಲಬಿಟ್ಟು ಗೇರಿನಲ್ಲಿಟ್ಟು, ಚಕ್ರಗಳ ಹಿಂದೆ ಮುಂದೆ ಇಟ್ಟಿಗೆ ಕೊಡಬೇಕು. ಹೊದಿಕೆ ಗಾಳಿಯಾಡುವ ಬಟ್ಟೆಯದಾಗಿರಲಿ. ಪ್ಲಾಸ್ಟಿಕ್ ತಾಡಪತ್ರಿ ಮಳೆಯನ್ನು ತಡೆಯುತ್ತದೆ ನಿಜ, ಆದರೆ ಒಳಗಿನ ತೇವವನ್ನೂ ಹಿಡಿದಿಟ್ಟು ತುಕ್ಕು, ಬೂಷ್ಟು ತರುತ್ತದೆ. ಇಲಿಗಳು ತಂತಿ ಕಡಿಯದಂತೆ ಆಗಾಗ ಬಾನೆಟ್ ತೆರೆದು ನೋಡುತ್ತಿರಬೇಕು.

“ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿದರೆ ಸಾಕು” ಎನ್ನುವವರಿದ್ದಾರೆ. ಅದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಇಂಜಿನ್ ಪೂರ್ತಿ ಬಿಸಿಯಾಗದೆ ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತದೆ; ಸ್ಟಾರ್ಟ್ ಮಾಡಲು ಖರ್ಚಾದ ಬ್ಯಾಟರಿಯ ಶಕ್ತಿ ಮತ್ತೆ ತುಂಬುವುದಿಲ್ಲ. ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಬೇಕು, ಇಲ್ಲವೇ ಸುಮ್ಮನೆ ಬಿಡಬೇಕು. 2020ರ ಮಾರ್ಚ್ 25ರಂದು ದೇಶವೇ ಬಾಗಿಲು ಹಾಕಿಕೊಂಡು ವಾರಗಟ್ಟಲೆ ಕುಳಿತಾಗ ಎಷ್ಟೋ ಮನೆಗಳಲ್ಲಿ ಬ್ಯಾಟರಿ ಸತ್ತುಹೋಗಿ ಈ ಪಾಠ ಕಲಿಸಿತು. ಓಡಲೆಂದು ಮಾಡಿದ್ದು ನಿಂತಲ್ಲೇ ಸವೆಯುತ್ತದೆ.

ಇಲ್ಲಿಂದ ನಮ್ಮ ಪ್ರಶ್ನೆಗೆ ಬರೋಣ. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಒಳಿತನ್ನು ಹೊಂದಿರುವುದಕ್ಕೂ ಅದನ್ನು ಬಳಸುವುದಕ್ಕೂ ಬಹಳ ಅಂತರವಿದೆ ಎನ್ನುತ್ತಾನೆ. ನಿದ್ರಿಸುತ್ತಿರುವವನಲ್ಲೂ ಗುಣವಿರಬಹುದು, ಆದರೆ ಅದರಿಂದ ಯಾರಿಗೂ ಏನೂ ಆಗದು. ಒಲಿಂಪಿಕ್ ಪಂದ್ಯದಲ್ಲೂ ಕಿರೀಟ ಸಿಗುವುದು ಕಣಕ್ಕಿಳಿದವನಿಗೇ ಹೊರತು ಪ್ರೇಕ್ಷಕರ ನಡುವೆ ಕುಳಿತ ಬಲಶಾಲಿಗಲ್ಲ.

ಹಾಗಾದರೆ ಎತ್ತಿಡುವುದೇ ತಪ್ಪೇ? ಅಲ್ಲ. ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಇದನ್ನು ಎರಡಾಗಿ ಬಿಡಿಸಿ ನೋಡಿದರು. ವಸ್ತುಗಳನ್ನು ಗಳಿಸಿ ನಿರ್ವಹಿಸುವ ವಿಷಯದಲ್ಲಿ ಸ್ವಂತ ಆಸ್ತಿ ಇರುವುದು ಯುಕ್ತ. ಏಕೆಂದರೆ ತನ್ನದೆಂದರೆ ಮನುಷ್ಯ ಹೆಚ್ಚು ಶ್ರದ್ಧೆ ವಹಿಸುತ್ತಾನೆ, ವ್ಯವಹಾರ ಅಚ್ಚುಕಟ್ಟಾಗಿರುತ್ತದೆ, ಜನರ ನಡುವೆ ಶಾಂತಿ ಉಳಿಯುತ್ತದೆ. ಆದರೆ ಬಳಸುವ ವಿಷಯ ಬಂದಾಗ, ಅದು ತನ್ನದು ಮಾತ್ರವೆಂದು ತಿಳಿಯದೆ, ಕಷ್ಟದಲ್ಲಿರುವವರೊಡನೆ ಹಂಚಿಕೊಳ್ಳಲು ಸಿದ್ಧನಿರಬೇಕು. ಬ್ಯಾಟರಿ, ಟೈರು, ಎಣ್ಣೆಗಳ ಮೇಲೆ ತೋರುವ ಶ್ರದ್ಧೆ ಮೊದಲನೆಯ ಭಾಗಕ್ಕೆ ಸೇರಿದ್ದು. ಅದು ಒಳ್ಳೆಯದೇ. ಎರಡನೆಯ ಭಾಗವನ್ನು ನಾವು ಎಷ್ಟು ಮಂದಿ ಯೋಚಿಸುತ್ತೇವೆ?

ಜುಲೈನ ಒಂದು ರಾತ್ರಿ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆಂದುಕೊಳ್ಳಿ. ಸೊಸೆಗೆ ಹೆರಿಗೆ ನೋವು, 108ರ ಗಾಡಿ ಬರಲು ತಡವಾಗುತ್ತಿದೆ. ನಿಮ್ಮ ಅಂಗಳದಲ್ಲಿ ಕಾರಿದೆ, ಆದರೆ ಬ್ಯಾಟರಿ ಕಪಾಟಿನಲ್ಲಿದೆ, ವಿಮೆಯ ಅವಧಿ ಮುಗಿದಿದೆ. ಮೂರನೆಯವರ ವಿಮೆಯಿಲ್ಲದೆ ಸಾರ್ವಜನಿಕ ರಸ್ತೆಗಿಳಿಯುವುದನ್ನು 1988ರ ಮೋಟಾರು ವಾಹನ ಕಾಯ್ದೆ ಒಪ್ಪುವುದಿಲ್ಲ. ಆ ರಾತ್ರಿ ನೀವು ‘ಇಲ್ಲ’ ಎಂದರೆ ಅದು ನಿಷ್ಠುರತನವಲ್ಲ, ನಿಜವಾಗಿಯೂ ಆಗದ ಮಾತು. ಆದರೆ ಆ ‘ಇಲ್ಲ’ವನ್ನು ತಿಂಗಳುಗಳ ಹಿಂದೆಯೇ, ಕಾರನ್ನು ನಿಲ್ಲಿಸಿದ ದಿನವೇ, ನಿಮಗೆ ತಿಳಿಯದಂತೆ ಹೇಳಿಬಿಟ್ಟಿದ್ದೀರಿ. ವಸ್ತುವನ್ನು ಎತ್ತಿಡುವ ನಿರ್ಧಾರದಲ್ಲಿ ನೆರೆಯವನ ಪಾಲೂ ಇರುತ್ತದೆ.

ಇನ್ನೊಂದು ಪಾಲು ಮನೆಯಲ್ಲೇ ಉಳಿದವರದು. ಎಪ್ಪತ್ತು ದಾಟಿದ ತಂದೆಗೆ ಡ್ರೈವಿಂಗ್ ಬರುವುದಿಲ್ಲ, ತಾಯಿಗೆ ಮಂಡಿನೋವು. ಅವರು ಆಟೋ ಹಿಡಿದು ದವಾಖಾನೆಗೆ ಹೋಗಿಬರುತ್ತಾರೆ. ಬಂದು ಮಗನ ಕಾರಿನ ಮೇಲಿನ ಧೂಳು ಒರೆಸುತ್ತಾರೆ. ಕಾರು ಹೇಗಿದೆಯೆಂದು ದೂರದಿಂದ ಮಗ ಕೇಳುತ್ತಾನೆ. ಅದು ಪ್ರೀತಿಯಿಲ್ಲದ ಮಾತಲ್ಲ. ಕಾರಿನ ನೆಪದಲ್ಲಿ ಅವನು ಮನೆಯನ್ನೇ ಕೇಳುತ್ತಿರಬಹುದು. ತಂದೆಯೂ ಕಾರನ್ನು ಒರೆಸುವಾಗ ಮಗನ ದಾರಿಯನ್ನೇ ಕಾಯುತ್ತಿರಬಹುದು. ಅದಕ್ಕೇ ಬಳಸದ ಕಾರನ್ನೆಲ್ಲ ಮಾರಿಬಿಡಿ ಎಂದು ನಾನು ಹೇಳಲಾರೆ. ಮರಳಿ ಬರುವವನಿಗಾಗಿ ಇಟ್ಟ ವಸ್ತು ಹೂತಿಟ್ಟ ತಲಾಂತಲ್ಲ.

ಆದರೆ ಎರಡರ ವ್ಯತ್ಯಾಸ ತಿಳಿಯಬೇಕು. ಹೊರಡುವ ಮೊದಲು ಮನೆಯವರೆಲ್ಲ ಕುಳಿತು ಮೂರು ಮಾತು ಕೇಳಿಕೊಳ್ಳಿ. ಮರಳುವುದು ಯಾವಾಗ? ಆರು ತಿಂಗಳಾದರೆ ನಿಲ್ಲಿಸಿ. ಐದು ವರ್ಷವಾದರೆ ಓಡಿಸುವವರಿಗೆ ಕೊಟ್ಟುಬಿಡುವುದೇ ಕಾರಿಗೂ ಜನರಿಗೂ ಒಳ್ಳೆಯದು. ಇಲ್ಲಿರುವವರಿಗೆ ಅದರಿಂದ ಉಪಯೋಗವೋ, ಬರೀ ಹೊರೆಯೋ? ಲೈಸೆನ್ಸ್ ಇರುವ ನಂಬಿಗಸ್ತ ಸಂಬಂಧಿಗೋ ನೆರೆಯವನಿಗೋ ಕೀಲಿ ಕೊಟ್ಟು, ವಿಮೆ ಕಟ್ಟುತ್ತಾ, ಹದಿನೈದು ದಿನಕ್ಕೊಮ್ಮೆ ತಾಯಿಯನ್ನು ದವಾಖಾನೆಗೆ ಕರೆದೊಯ್ಯುವಂತೆ ಹೇಳಲಾದೀತೇ?

ಈ ಮೂರನೆಯದಕ್ಕೆ ಹೌದೆನ್ನಲಾದರೆ ಇಟ್ಟಿಗೆಯೂ ಬೇಡ, ಹೊದಿಕೆಯೂ ಬೇಡ. ಟೈರು ತಿರುಗುತ್ತದೆ, ಬ್ಯಾಟರಿ ತುಂಬುತ್ತದೆ, ತಾಯಿಯ ಮಂಡಿಗೂ ಆರಾಮ. ರಾತ್ರಿ ಯಾರಾದರೂ ಬಾಗಿಲು ತಟ್ಟಿದರೆ ಕೊಡಲು ಕೀಲಿಯೂ ಇರುತ್ತದೆ.